ತೋಡಿನ ನೀರೂ ಗ್ರಾಮಸಭೆಯ ತೀರ್ಮಾನವೂ



ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷವೊಂದಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕ್ರೆ ಎಂದರೆ 4,047 ಚದರ ಮೀಟರ್. ಮನೆಯ ಮಕ್ಕಳ ಕೈಯಲ್ಲಿ ಈ ಗುಣಾಕಾರ ಮಾಡಿಸಿ ನೋಡಿ. ಒಂದು ಎಕ್ರೆ ತೋಟದ ಮೇಲೆ ವರ್ಷಕ್ಕೆ 1 ಕೋಟಿ 41 ಲಕ್ಷ ಲೀಟರಿಗೂ ಮಿಕ್ಕಿ ನೀರು ಬೀಳುತ್ತದೆ! ಹೀಗಿದ್ದರೂ ಮಾರ್ಚ್ ತಿಂಗಳಲ್ಲಿ ಅಡಿಕೆಯ ಸೋಗೆ ಜೋತು ಬೀಳುತ್ತದೆ, ಬಾವಿಗಿಳಿಸಿದ ಕೊಡ ತಳದ ಕಲ್ಲಿಗೆ ತಾಗುತ್ತದೆ. ಏಪ್ರಿಲಿನಲ್ಲಿ ಟ್ಯಾಂಕರಿನ ದಾರಿ ಕಾಯುವ ಮನೆಗಳೂ ಇವೆ.

ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ. ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಗುಡ್ಡೆಯಿಂದ ಸಮುದ್ರಕ್ಕೆ ದೂರ ಕಡಿಮೆ, ಇಳಿಜಾರು ಹೆಚ್ಚು. ಜಿಲ್ಲೆಯಲ್ಲಿ 12 ನದಿಗಳು ಹರಿಯುತ್ತವೆ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ಅವುಗಳಲ್ಲಿ ಹೆಚ್ಚಿನವು ಗಿಡ್ಡ ನದಿಗಳು. ಮಳೆ ನಿಂತ ಕೆಲವೇ ತಿಂಗಳಲ್ಲಿ ಅವುಗಳ ಮೇಲ್ಭಾಗ ಒಣಗುತ್ತದೆ.

ಇದನ್ನು ನಮ್ಮ ಹಿರಿಯರು ಅರಿತಿದ್ದರು. ಆದುದರಿಂದಲೇ ತೋಡುಗಳಿಗೆ ಅಡ್ಡಲಾಗಿ ಕಟ್ಟ ಕಟ್ಟುವ ಪದ್ಧತಿಯನ್ನು ಬೆಳೆಸಿದರು. ತುಲಾ ಮಳೆ ಮುಗಿದು ತೋಡಿನ ಹರಿವು ಇಳಿಯುತ್ತಾ ಬಂದಾಗ, ನವೆಂಬರ್ ಕೊನೆಯಿಂದ ಡಿಸೆಂಬರಿನೊಳಗೆ, ಬೈಲಿನ ಮನೆಗಳೆಲ್ಲ ಸೇರುತ್ತಿದ್ದವು. ಕಾಡುಕಲ್ಲು, ಅಡಿಕೆ ಮರದ ಕಾಂಡ, ಸೊಪ್ಪು, ಮಣ್ಣು, ಇಷ್ಟೇ ಸಾಮಗ್ರಿ. ನೀರು ಸೋರದಂತೆ ಜಿಗುಟು ಮಣ್ಣನ್ನು ಮೆಟ್ಟಿ ಮೆಟ್ಟಿ ಗಟ್ಟಿ ಮಾಡುತ್ತಿದ್ದರು. ಈಗ ಮಣ್ಣಿನ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಮರಳಿನ ಚೀಲ ಬಂದಿದೆ. ಕುಂಬಡಾಜೆ ಪಂಚಾಯತಿನ ಏತಡ್ಕದಂತಹ ಕಡೆ ಒಂದೇ ತೋಡಿಗೆ ಒಂದರ ಮೇಲೊಂದರಂತೆ ಸಾಲು ಕಟ್ಟಗಳನ್ನು ಹಾಕುವ ರೂಢಿಯನ್ನು ರೈತರು ಕೈಬಿಡದೆ ನಡೆಸಿಕೊಂಡು ಬಂದುದು ಊರಾಚೆಗೂ ಪ್ರಸಿದ್ಧವಾಗಿದೆ.

ಕಟ್ಟದಲ್ಲಿ ನಿಂತ ನೀರನ್ನು ಪಂಪು ಹಚ್ಚಿ ಎಳೆಯುವುದೇ ಅದರ ಪ್ರಯೋಜನ ಎಂದು ತಿಳಿಯುವವರಿದ್ದಾರೆ. ನಿಜವಾದ ಪ್ರಯೋಜನ ಕಣ್ಣಿಗೆ ಕಾಣದ್ದು. ನಿಂತ ನೀರು ಎರಡೂ ದಡದ ಮಣ್ಣಿನೊಳಗೆ ಇಳಿದು ಬಾವಿಗಳ ಒರತೆಯನ್ನು ಕಾಯುತ್ತದೆ. ಒಂದು ಕಟ್ಟದಿಂದ ಲಾಭ ಅಲ್ಪ. ಕೆಳಗಿನ ಕಟ್ಟದ ನೀರು ಮೇಲಿನ ಕಟ್ಟದ ಬುಡದವರೆಗೆ ಬಂದು ನಿಲ್ಲುವಂತೆ ಸಾಲಾಗಿ ಹಾಕಿದಾಗ ಇಡೀ ಬೈಲು ತಂಪಾಗಿರುತ್ತದೆ. ಅಂದಮೇಲೆ ಇದು ಒಬ್ಬನ ಕೆಲಸವಲ್ಲ. ಮೇಲಿನ ಮನೆಯವನು ಕಟ್ಟಿ ಕೆಳಗಿನವನು ಬಿಟ್ಟರೆ, ಅಥವಾ ಕೆಳಗಿನವನು ಕಟ್ಟಿದ ನೀರನ್ನು ಮಧ್ಯದವನು ರಾತ್ರಿ ಪಂಪಿನಲ್ಲಿ ಎಳೆದರೆ ಅಲ್ಲಿಗೆ ಮುಗಿಯಿತು.

ಪಂಪ್‌ಸೆಟ್ಟು ಬಂದ ಮೇಲೆ ನೆರೆಮನೆಯವನ ಹಂಗು ಕಡಿಮೆಯಾಯಿತು. ಬೋರ್‌ವೆಲ್ ಬಂದ ಮೇಲೆ ಹಂಗೇ ಇಲ್ಲವಾಯಿತು. ಕೂಲಿ ಏರಿತು, ಮಕ್ಕಳು ಪಟ್ಟಣಕ್ಕೂ ಗಲ್ಫಿಗೂ ಹೋದರು. ಹತ್ತು ಮನೆ ಸೇರಿ ಮಾಡುತ್ತಿದ್ದ ಕೆಲಸಕ್ಕೆ ಈಗ ಯಾರನ್ನು ಕರೆಯುವುದು? ಇಲ್ಲಿಯೇ ಪಂಚಾಯತಿನ ಮಾತು ಬರುತ್ತದೆ.

ತೋಡು ಯಾರದು ಎಂಬ ಪ್ರಶ್ನೆಯಿಂದ ಆರಂಭಿಸೋಣ. 1994ರ ಕೇರಳ ಪಂಚಾಯತ್ ರಾಜ್ ಕಾನೂನಿನ 218ನೇ ವಿಧಿಯಂತೆ ಊರಿನ ಸಾರ್ವಜನಿಕ ತೋಡು, ಒರತೆ, ಕೆರೆಗಳು ಗ್ರಾಮ ಪಂಚಾಯತಿಗೆ ಸೇರಿವೆ. ಅಂದರೆ ತೋಡು ನನ್ನ ತೋಟದ ಬದಿಯಲ್ಲಿ ಹರಿದರೂ ಅದು ನನ್ನದಲ್ಲ. ಹಾಗೆಯೇ ಅದು ತುಂಬಿ ಹೂಳು ಕಟ್ಟಿದಾಗ 'ನನಗೇಕೆ' ಎಂದು ಪಂಚಾಯತ್ ಹೇಳುವಂತೆಯೂ ಇಲ್ಲ. ಈ ಒಂದು ಅಂಶವನ್ನು ಓದುಗರು ನೆನಪಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಪಂಚಾಯತ್ ಎಂದರೆ ಆಫೀಸು ಮಾತ್ರವಲ್ಲ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗಿನಿಂದ ಗ್ರಾಮಸಭೆಗೆ ಸಂವಿಧಾನದಲ್ಲೇ ಸ್ಥಾನ ದೊರೆಯಿತು. ಕೇರಳದಲ್ಲಿ ಪ್ರತಿ ವಾರ್ಡಿಗೂ ಒಂದು ಗ್ರಾಮಸಭೆ. ಆ ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು. ಚುನಾಯಿತ ವಾರ್ಡ್ ಸದಸ್ಯರು ಅದರ ಸಂಚಾಲಕರು. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಕರೆಯಬೇಕು. ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಸೇರಿದರೆ ಮಾತ್ರ ಸಭೆ ಪೂರ್ಣ. 1,200 ಮತದಾರರ ವಾರ್ಡಾದರೆ 120 ಮಂದಿ. ಅಷ್ಟು ಜನ ಸೇರದೆ ಮುಂದೂಡಿದ ಸಭೆಗೆ 50 ಮಂದಿ ಸಾಕು. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ವಾರ್ಡಿನ ನೂರಕ್ಕೆ ಹತ್ತು ಮತದಾರರು ವಿಷಯವನ್ನು ಬರೆದು ಸಹಿ ಹಾಕಿ ಕೊಟ್ಟರೆ 15 ದಿನಗಳೊಳಗೆ ವಿಶೇಷ ಗ್ರಾಮಸಭೆ ಕರೆಯಬೇಕೆಂದು ಕಾನೂನು ಹೇಳುತ್ತದೆ. ಎರಡು ಸಾಮಾನ್ಯ ಸಭೆಗಳ ನಡುವೆ ಇಂತಹ ಒಂದು ಸಭೆಗೆ ಅವಕಾಶವಿದೆ.

1996ರ ಆಗಸ್ಟ್ 17ರಂದು, ಸಿಂಹಮಾಸದ ಮೊದಲ ದಿನ, ಕೇರಳದಲ್ಲಿ ಜನಕೀಯ ಯೋಜನೆ ಆರಂಭವಾಯಿತು. ರಾಜ್ಯದ ಯೋಜನಾ ಹಣದಲ್ಲಿ ನೂರಕ್ಕೆ 35ರಿಂದ 40ರಷ್ಟನ್ನು ಪಂಚಾಯತು, ಮುನ್ಸಿಪಾಲಿಟಿಗಳಿಗೆ ಬಿಟ್ಟುಕೊಡುವ ನಿರ್ಧಾರ ಅಂದು ದೇಶಕ್ಕೇ ಹೊಸತು. ಆ ಕಾಲದ ಗ್ರಾಮಸಭೆಗಳನ್ನು ಹಿರಿಯರು ಇಂದೂ ನೆನೆಯುತ್ತಾರೆ. ರಜಾ ದಿನ ಶಾಲೆಯಲ್ಲಿ ಸಭೆ. ಮೊದಲು ಎಲ್ಲರೂ ಒಟ್ಟಾಗಿ ಕೂತು, ಆಮೇಲೆ 25ರಿಂದ 50 ಮಂದಿಯ ಗುಂಪುಗಳಾಗಿ ಒಂದೊಂದು ಕ್ಲಾಸಿನೊಳಗೆ ಹೋಗಿ ಕೃಷಿಗೊಂದು, ನೀರಿಗೊಂದು, ಆರೋಗ್ಯಕ್ಕೊಂದು, ಮಹಿಳೆಯರ ವಿಷಯಕ್ಕೊಂದು ಎಂದು ಚರ್ಚಿಸುವುದು. ದೊಡ್ಡ ಸಭೆಯಲ್ಲಿ ಬಾಯಿ ತೆರೆಯದವರು ಚಿಕ್ಕ ಗುಂಪಿನಲ್ಲಿ ಮಾತಾಡಿದರು. ಈ ಕ್ರಮ ಒಳ್ಳೆಯದು. ಈಗಲೂ ನಿಮ್ಮ ವಾರ್ಡಿನಲ್ಲಿ ಗುಂಪು ಚರ್ಚೆ ಇಲ್ಲದೆ ಪಟ್ಟಿ ಓದಿ ಮುಗಿಸುವುದಾದರೆ 'ಗುಂಪು ಮಾಡಿರಿ' ಎಂದು ಎದ್ದು ಕೇಳಬಹುದು.

ವರ್ಷಗಳು ಕಳೆದಂತೆ ಉತ್ಸಾಹ ಇಳಿಯಿತು ಎಂಬುದೂ ಸತ್ಯ. ಮನೆ, ಆಡು, ತೆಂಗಿನ ಗೊಬ್ಬರದ ಸಹಾಯಧನ, ಇಂತಹ ವೈಯಕ್ತಿಕ ಸೌಲಭ್ಯಕ್ಕೆ ಅರ್ಜಿ ಹಾಕಿದವರು ಬರುತ್ತಾರೆ, ಹೆಸರು ಪಟ್ಟಿಯಲ್ಲಿದೆಯೇ ನೋಡುತ್ತಾರೆ, ಹೋಗುತ್ತಾರೆ. ಅದರಲ್ಲಿ ತಪ್ಪಿಲ್ಲ, ಫಲಾನುಭವಿಗಳ ಆದ್ಯತಾ ಪಟ್ಟಿ ನಿರ್ಣಯಿಸುವುದು ಗ್ರಾಮಸಭೆಯ ಹಕ್ಕು. ಅದರ ಕ್ರಮವನ್ನು ಪಂಚಾಯತ್ ಬದಲಿಸುವಂತಿಲ್ಲ. ಆದರೆ ಎರಡೆಕ್ರೆ ಮೂರೆಕ್ರೆ ತೋಟವಿರುವ ಮನೆಯವರು 'ನಮಗೇನೂ ಸಿಗುವುದಿಲ್ಲ, ಹೋಗಿ ಏನು ಮಾಡುವುದು' ಎನ್ನುತ್ತಾರೆ. ವಾಳೆಯ ಗುರಿಕಾರರು ಕರೆದರೆ ತಪ್ಪದೆ ಸೇರುವ ಅದೇ ಮನೆಗಳು ಗ್ರಾಮಸಭೆಯ ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತವೆ. ತೋಡಿನ ಮಾತಾಡಬೇಕಾದವರೇ ಬಾರದಿದ್ದರೆ ಆ ಸಭೆಯಲ್ಲಿ ರಸ್ತೆಗೆ ಡಾಮರು ಸಿಗುತ್ತದೆ, ತೋಡಿಗೆ ಏನೂ ಇಲ್ಲ.

ಕೇಳದೆ ಮಾಡಿದ ಕೆಲಸ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಗಿಂತ ದೊಡ್ಡ ಸಾಕ್ಷಿ ಬೇಡ. 1970ರ ದಶಕದ ಕೊನೆಯಿಂದ 2000ದವರೆಗೆ ಎಣ್ಮಕಜೆ ಮೊದಲಾದ ಕಡೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೋಟದ ಕೆಳಗಿನ ಮನೆಗಳ ಒಪ್ಪಿಗೆ ಯಾರೂ ಕೇಳಲಿಲ್ಲ. ಊರಿನ ವೈದ್ಯರು, ರೈತರು, ಪತ್ರಕರ್ತರು, ಕೃಷಿ ಇಲಾಖೆಯಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಮಹಿಳೆ ಬೇರೆ ಬೇರೆಯಾಗಿ ಎತ್ತಿದ ಧ್ವನಿ ಒಂದಾದ ಮೇಲೆಯೇ ಸಿಂಪಡಣೆ ನಿಂತಿತು. ದೇಶದಾದ್ಯಂತ ಅದನ್ನು ತಡೆಯಲು ಸುಪ್ರೀಂ ಕೋರ್ಟಿನ 2011ರ ಮೇ 13ರ ಆದೇಶದವರೆಗೆ ಕಾಯಬೇಕಾಯಿತು. ಹಾಸಿಗೆ ಹಿಡಿದ ಮಕ್ಕಳ ತಾಯಂದಿರು ಆಮೇಲೂ ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಊರಿನ ಅನುಮತಿ ಕೇಳುವುದು ಕೇವಲ ಮರ್ಯಾದೆಯ ಪ್ರಶ್ನೆಯಲ್ಲ.

ಇನ್ನು ಒಳ್ಳೆಯ ಉದಾಹರಣೆ. ಕೋಝಿಕ್ಕೋಡು ನಗರದ ಪಕ್ಕದಲ್ಲಿ ಒಳವಣ್ಣ ಎಂಬ ಪಂಚಾಯತ್ ಇದೆ. ಗುಡ್ಡೆಯ ಮೇಲಿನ ಮನೆಗಳಿಗೆ ಕುಡಿಯುವ ನೀರಿಲ್ಲದೆ ಅಲ್ಲಿನವರು ಬಹಳ ಕಷ್ಟಪಡುತ್ತಿದ್ದರು. 1990ರ ದಶಕದಲ್ಲಿ ಅಲ್ಲಿನ ನೆರೆಕರೆಯ ಮನೆಗಳು ಸೇರಿ ಸಂಘ ಮಾಡಿಕೊಂಡವು. ಮನೆಗಿಷ್ಟು ಎಂದು ಹಣ ಹಾಕಿ, ಬಾವಿ ತೋಡಿ, ಮೇಲೊಂದು ಟ್ಯಾಂಕಿ ಕಟ್ಟಿ, ಪೈಪು ಎಳೆದರು. ಪಂಚಾಯತ್ ಬೆನ್ನಿಗೆ ನಿಂತು ತನ್ನ ಪಾಲು ಕೊಟ್ಟಿತು. ಪಂಪು ನಡೆಸುವವನು ಅಲ್ಲಿಯವನೇ, ತಿಂಗಳ ವಂತಿಗೆ ಎತ್ತುವವರೂ ಅಲ್ಲಿಯವರೇ. ಪಂಪು ಕೆಟ್ಟರೆ ತಿಂಗಳುಗಟ್ಟಲೆ ಕಾಯುವ ಪ್ರಶ್ನೆಯೇ ಬರಲಿಲ್ಲ, ಯಾಕೆಂದರೆ ಮರುದಿನ ಬೆಳಿಗ್ಗೆ ಅವರ ಮನೆಯ ಹಂಡೆಯೇ ಖಾಲಿ. ಒಂದನ್ನು ನೋಡಿ ಪಕ್ಕದ ಗುಡ್ಡೆಯವರು ಇನ್ನೊಂದು ಮಾಡಿದರು. ಆಮೇಲೆ 2000ದಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಆರಂಭವಾದ ಜಲನಿಧಿ ಯೋಜನೆಯೂ ಇದೇ ದಾರಿ ಹಿಡಿಯಿತು. ಖರ್ಚಿನಲ್ಲಿ ಸರ್ಕಾರದ್ದು ನೂರಕ್ಕೆ 75, ಪಂಚಾಯತಿನದು 10, ಬಳಸುವ ಮನೆಗಳದ್ದು 15. ನಡೆಸುವ ಖರ್ಚು ಪೂರ್ತಿ ಮನೆಗಳದ್ದೇ. ಬಡವರಿಂದಲೂ ಹಣ ಕೇಳುವುದು ಸರಿಯೇ ಎಂಬ ಆಕ್ಷೇಪ ಅಂದೇ ಇತ್ತು, ಅದರಲ್ಲಿ ಹುರುಳಿಲ್ಲದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಹಣ ಕೊಡಲಾಗದವರ ಪಾಲನ್ನು ಮೈಕೆಲಸದಲ್ಲಿ ಎಣಿಸುವುದು ನ್ಯಾಯ.

ಮಹಾರಾಷ್ಟ್ರದ ಹಿವರೆ ಬಜಾರ್ ಊರಿನಲ್ಲಿ ಮಳೆ ಸುಮಾರು 400 ಮಿಲಿಮೀಟರ್, ನಮ್ಮದರ ಒಂಬತ್ತರಲ್ಲಿ ಒಂದು ಪಾಲು. ಪೋಪಟರಾವ್ ಪವಾರ್ ಅವರು 1989ರಲ್ಲಿ ಸರಪಂಚರಾದ ಮೇಲೆ ಆ ಊರು ಗ್ರಾಮಸಭೆಯಲ್ಲಿ ನೀರಿನ ಲೆಕ್ಕ ಹಾಕಲು ಕಲಿಯಿತು. ಆ ವರ್ಷ ಎಷ್ಟು ಮಳೆಯಾಯಿತು, ಕುಡಿಯಲು ಎಷ್ಟು, ದನಕ್ಕೆ ಎಷ್ಟು, ಉಳಿದುದರಲ್ಲಿ ಯಾವ ಬೆಳೆ ಎಂದು ಸಭೆಯೇ ತೀರ್ಮಾನಿಸುತ್ತದೆ. ನೀರಾವರಿಗೆ ಬೋರ್‌ವೆಲ್ ಕೊರೆಯಬಾರದು, ಕಬ್ಬಿನಂತಹ ನೀರುಬಾಕ ಬೆಳೆ ಬೇಡ ಎಂಬ ಕಟ್ಟಳೆಯನ್ನು ಊರೇ ಹಾಕಿಕೊಂಡಿತು. ನಾವು ಇಷ್ಟು ದೂರ ಹೋಗಬೇಕೆಂದು ಹೇಳುವುದಿಲ್ಲ. ಅಡಿಕೆ ಬೇಡ ಎಂದರೆ ನಮ್ಮಲ್ಲಿ ಯಾರ ಮನೆ ನಡೆಯುತ್ತದೆ? ಆದರೆ ಕಟ್ಟದ ನೀರಿಗೆ ನೇರ ಪಂಪು ಇಡಬಾರದು, ಇಟ್ಟರೂ ಇಷ್ಟೇ ಗಂಟೆ ಎಂಬ ಮಾತು ಬೈಲಿನಲ್ಲಿ ನಡೆಯಬಾರದೇಕೆ?

ಈಗ ನಮ್ಮ ಕಟ್ಟದ ಕೆಲಸಕ್ಕೆ ಬರೋಣ. ಡಿಸೆಂಬರಿನಲ್ಲಿ ನೀರು ಇಳಿಯುವಾಗ ಪಂಚಾಯತಿಗೆ ಓಡಿ 'ಕಟ್ಟಕ್ಕೆ ಹಣ ಕೊಡಿ' ಎಂದರೆ ಸಿಗುವುದು ಕಷ್ಟ. ಪಂಚಾಯತಿನ ಲೆಕ್ಕದ ವರ್ಷ ಏಪ್ರಿಲಿನಿಂದ ಮಾರ್ಚ್. ಏಪ್ರಿಲಿಗೆ ಮುಂಚೆಯೇ ಗ್ರಾಮಸಭೆ, ಅಭಿವೃದ್ಧಿ ಸೆಮಿನಾರು, ಕಾರ್ಯಗುಂಪುಗಳನ್ನು ದಾಟಿ ಯೋಜನೆ ತಯಾರಾಗಿ ಜಿಲ್ಲಾ ಯೋಜನಾ ಸಮಿತಿಗೆ ಹೋಗಿರುತ್ತದೆ. ಆದುದರಿಂದ ಈ ವರ್ಷದ ಡಿಸೆಂಬರಿನ ಕಟ್ಟಕ್ಕೆ ಕಳೆದ ವರ್ಷವೇ ಬೀಜ ಬಿತ್ತಿರಬೇಕು. ಕೃಷಿ ಮತ್ತು ನೀರಿನ ಕಾರ್ಯಗುಂಪಿನಲ್ಲಿ ನಿಮ್ಮ ಬೈಲಿನ ಒಬ್ಬರು ಇರುವಂತೆ ನೋಡಿಕೊಳ್ಳಿ. ಗ್ರಾಮಸಭೆಯಲ್ಲಿ ಎತ್ತಿದ ಮಾತು ಕಾಗದದ ಮೇಲೆ ಯೋಜನೆಯಾಗುವುದು ಅಲ್ಲಿ.

ಸಭೆಗೆ ಮುಂಚೆ ತೋಡಿನ ಉದ್ದಕ್ಕೆ ಒಮ್ಮೆ ನಡೆಯಿರಿ. ವಾರ್ಡ್ ಸದಸ್ಯರನ್ನೂ ಕೃಷಿಭವನದವರನ್ನೂ ಜೊತೆಗೆ ಕರೆಯಿರಿ. ತೋಡು ಕಿರಿದಾಗಿ, ಎರಡೂ ದಡ ಗಟ್ಟಿಯಾಗಿ, ತಳದಲ್ಲಿ ಬಂಡೆ ಇರುವ ಜಾಗ ಕಟ್ಟಕ್ಕೆ ಒಳ್ಳೆಯದು. ಎತ್ತರ ನಾಲ್ಕೈದು ಅಡಿ ಮೀರದಿದ್ದರೆ ಉತ್ತಮ. ಹೆಚ್ಚು ಎತ್ತರಿಸಿದರೆ ನೀರು ಬದಿಯನ್ನು ಕೊರೆದು ನೆರೆಯವನ ತೋಟಕ್ಕೆ ನುಗ್ಗುತ್ತದೆ. ನಿಂತ ನೀರು ಯಾರ ಗದ್ದೆಯನ್ನು ಜೌಗು ಮಾಡೀತು ಎಂಬುದನ್ನು ಮೊದಲೇ ನೋಡಿ ಅವರ ಒಪ್ಪಿಗೆ ಕೇಳಬೇಕು. ಹಾಗೆ ಕೇಳದೆ ಆರಂಭಿಸಿದ ಕಟ್ಟಗಳಲ್ಲಿ ಎಷ್ಟೋ ಜಗಳದಲ್ಲಿ ಒಡೆದಿವೆ. ಅರ್ಜಿಯಲ್ಲಿ ಕಟ್ಟದ ಜಾಗ, ಸುತ್ತಲಿನ ಮನೆಗಳೂ ಬಾವಿಗಳೂ ಎಷ್ಟು, ಯಾವ ತಿಂಗಳಲ್ಲಿ ಬಾವಿ ಬತ್ತುತ್ತದೆ, ದಡದವರ ಒಪ್ಪಿಗೆ, ಊರವರು ಎಷ್ಟು ಆಳಿನ ಕೆಲಸ ಮತ್ತು ಎಷ್ಟು ಸಾಮಗ್ರಿ ಕೊಡುತ್ತಾರೆ ಎಂಬುದಿರಲಿ. 'ನಮಗೆ ಕಟ್ಟ ಬೇಕು' ಎಂಬ ಅರ್ಜಿಗಿಂತ 'ನಾವು ಇಷ್ಟು ಕೊಡುತ್ತೇವೆ, ನೀವು ಇಷ್ಟು ಕೊಡಿ' ಎಂಬ ಅರ್ಜಿಗೆ ತೂಕ ಹೆಚ್ಚು.

ಭಾಷೆಯ ಹೆದರಿಕೆ ಬೇಡ. ತನ್ನ ಕುಂದುಕೊರತೆಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆದು ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ. ಕನ್ನಡದಲ್ಲೇ ಬರೆಯಿರಿ. ಸಭೆಯಲ್ಲಿ ಮಲಯಾಳ ಅರ್ಥವಾಗದ ಅಜ್ಜಿಯಂದಿರಿದ್ದರೆ ಕನ್ನಡದಲ್ಲೂ ತುಳುವಿನಲ್ಲೂ ಹೇಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಸಭೆ ಮುಗಿಯುವ ಮೊದಲು ತೀರ್ಮಾನವನ್ನು ಪುಸ್ತಕದಲ್ಲಿ ಬರೆಸಿ ಓದಿ ಹೇಳುವಂತೆ ಕೇಳಿರಿ. ಬಾಯಿಮಾತಿನ ತೀರ್ಮಾನ ಗಾಳಿಗೆ ಹೋಗುತ್ತದೆ. ಮುಂದೆ ಏನಾಯಿತು ಎಂದು ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾನೂನಿನಂತೆ 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಿ ಪಂಚಾಯತಿಗೆ ಅರ್ಜಿ ಕೊಡಬಹುದು. 30 ದಿನಗಳಲ್ಲಿ ಉತ್ತರ ಬರಬೇಕು. ಆದರೆ ಇದನ್ನು ಮೊದಲ ದಿನವೇ ಬಳಸಿ ವೈಮನಸ್ಸು ತಂದುಕೊಳ್ಳುವುದು ಜಾಣತನವಲ್ಲ. ಮೊದಲು ಹೋಗಿ ಕೇಳಿ.

ಹಣ ಮಂಜೂರಾದ ಮೇಲೆ ಕೆಲಸವನ್ನು ಗುತ್ತಿಗೆದಾರರಿಗೆ ಬಿಡದೆ ಫಲಾನುಭವಿ ಸಮಿತಿಯಿಂದಲೇ ಮಾಡಿಸುವ ಕ್ರಮವನ್ನು ಜನಕೀಯ ಯೋಜನೆ ತಂದಿತು. ಪ್ರಯೋಜನ ಪಡೆಯುವ ಮನೆಯವರೇ ಸಭೆ ಸೇರಿ ಸಮಿತಿಯನ್ನೂ ಸಂಚಾಲಕರನ್ನೂ ಆರಿಸುತ್ತಾರೆ. ಇದರಲ್ಲಿ ಒಂದು ಕಳ್ಳದಾರಿಯೂ ಉಂಟು. ಹೆಸರಿಗೆ ಸಮಿತಿ, ಹಿಂದಿನಿಂದ ಕೆಲಸ ಮಾಡಿಸುವವನು ಗುತ್ತಿಗೆದಾರ, ಸಂಚಾಲಕ ಸಹಿ ಹಾಕುವವ ಮಾತ್ರ. ಇದು ಕೇರಳದ ಹಲವೆಡೆ ನಡೆದುದರಿಂದಲೇ ಈ ಒಳ್ಳೆಯ ಕ್ರಮಕ್ಕೆ ಕೆಟ್ಟ ಹೆಸರು ಬಂತು. ಸಿಮೆಂಟು ಎಷ್ಟು ಚೀಲ ಬಂತು, ಯಾರು ಎಷ್ಟು ದಿನ ದುಡಿದರು ಎಂಬ ಪುಸ್ತಕವನ್ನು ಇಬ್ಬರು ಬರೆಯಲಿ, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಕುಟುಂಬಶ್ರೀಯಲ್ಲಿ ಚಿಲ್ಲರೆ ಲೆಕ್ಕವನ್ನೂ ತಪ್ಪದೆ ಬರೆದು ಪಳಗಿದ ಹೆಂಗಸರು ಈಗ ಪ್ರತಿ ವಾರ್ಡಿನಲ್ಲಿದ್ದಾರೆ.

ಪಂಚಾಯತು ಅಥವಾ ಇಲಾಖೆ ಕಟ್ಟಿಸಿದ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳ ಬಗ್ಗೆಯೂ ಎರಡು ಮಾತು. ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟಿದ ಅಣೆಕಟ್ಟಿನಲ್ಲಿ ಜನವರಿಯಾದರೂ ಹಲಗೆ ಹಾಕದೆ ನೀರೆಲ್ಲ ಹರಿದುಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಕಟ್ಟುವುದಕ್ಕೆ ಯೋಜನೆಯಲ್ಲಿ ಹಣವಿತ್ತು. ಹಲಗೆ ಹಾಕುವವನಿಗೆ ಕೂಲಿ ಕೊಡಲು ಇರಲಿಲ್ಲ. ಹಲಗೆ ಯಾರ ಕೊಟ್ಟಿಗೆಯಲ್ಲಿದೆ ಎಂದೇ ಗೊತ್ತಿರಲಿಲ್ಲ. ಕೆಲಸ ಮುಗಿದ ದಿನವೇ ಬಳಕೆದಾರರ ಸಮಿತಿ ಮಾಡಿ, ಯಾರು, ಯಾವ ತಾರೀಕಿನೊಳಗೆ ಹಲಗೆ ಇಳಿಸುತ್ತಾರೆ, ಎರಡು ಸಾಲು ಹಲಗೆಯ ನಡುವೆ ತುಂಬುವ ಮಣ್ಣು ಎಲ್ಲಿಂದ ಎಂದು ಬರೆದಿಡದಿದ್ದರೆ ಅದು ಬಟ್ಟೆ ಒಗೆಯುವ ಕಲ್ಲಾಗಿ ಉಳಿಯುತ್ತದೆ.

ಆರೋಗ್ಯದ ಮಾತನ್ನೂ ಇಲ್ಲೇ ಸೇರಿಸುತ್ತೇವೆ. ತೋಡಿಗೆ ಇಳಿಯುವವರ ಕಾಲಿನಲ್ಲಿ ಗಾಯ, ಬಿರುಕು ಇದ್ದರೆ ಇಲಿಜ್ವರದ ರೋಗಾಣು ಅದರ ಮೂಲಕ ಒಳಸೇರಬಹುದು. ಇಲಿಯ ಮೂತ್ರ ಸೇರಿದ ನೀರೂ ಕೆಸರೂ ಅದರ ದಾರಿ. ಗಾಯ ಇದ್ದವರು ದಡದ ಕೆಲಸ ಮಾಡಲಿ, ಇಳಿಯುವವರು ರಬ್ಬರ್ ಬೂಟು ಹಾಕಲಿ. ಕೆಲಸಕ್ಕೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮುಂಜಾಗ್ರತೆಯ ಮಾತ್ರೆಯ ಬಗ್ಗೆ ವಿಚಾರಿಸಿ. ಆಮೇಲೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ, ತೋಡಿಗೆ ಇಳಿದ ವಿಷಯವನ್ನು ವೈದ್ಯರಿಗೆ ಹೇಳಿ.

ಡೆಂಗ್ಯೂ ಸೊಳ್ಳೆಗೆ ಕಟ್ಟ ಕಾರಣ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆ ಸೊಳ್ಳೆ ಮೊಟ್ಟೆಯಿಡುವುದು ತೋಡಿನಲ್ಲಿ ಅಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರಿನ ಚಿಪ್ಪು, ಕೊಕ್ಕೋ ಸಿಪ್ಪೆ, ಹಳೆ ಟಯರಿನಲ್ಲಿ ನಿಂತ ಅಂಗೈಯಗಲದ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕು. ಆದುದರಿಂದ ವಾರಕ್ಕೊಮ್ಮೆ ಇಡೀ ವಾರ್ಡು ಒಂದೇ ದಿನ ನೀರು ಚೆಲ್ಲಿದರೆ ಪ್ರಯೋಜನ; ಒಂದು ಮನೆ ಚೆಲ್ಲಿ ಪಕ್ಕದ ತೋಟ ಬಿಟ್ಟರೆ ಇಲ್ಲ. ದಿನ ನಿಶ್ಚಯಿಸಲು ವಾರ್ಡಿನ ಆರೋಗ್ಯ ನೈರ್ಮಲ್ಯ ಸಮಿತಿ ಇದೆ, ಆಶಾ ಕಾರ್ಯಕರ್ತೆ ಇದ್ದಾರೆ.

ಕಟ್ಟವನ್ನು ಬಿಚ್ಚುವ ಕೆಲಸವನ್ನೂ ಅದೇ ಸಮಿತಿ ಮೊದಲೇ ಹಂಚಿಕೊಂಡಿರಬೇಕು. ಪತ್ತನಾಜೆಗೆ ಮುಂಚೆ ಪ್ಲಾಸ್ಟಿಕ್ ಹಾಳೆ ಮತ್ತು ಚೀಲಗಳನ್ನು ಪೂರ್ತಿ ತೆಗೆಯದಿದ್ದರೆ ಮೊದಲ ಪ್ರವಾಹಕ್ಕೆ ಅವು ಕೆಳಗಿನ ಗದ್ದೆಗೂ ಸಮುದ್ರಕ್ಕೂ ಹೋಗುತ್ತವೆ. ತೊಳೆದು ಒಣಗಿಸಿ ನೆರಳಿನಲ್ಲಿಟ್ಟ ದಪ್ಪ ಹಾಳೆ ಮರುವರ್ಷಕ್ಕೂ ಬರುತ್ತದೆ. ಹಲಗೆಗಳಿಗೆ ಗೇರೆಣ್ಣೆ ಸವರಿ, ನೆಲಕ್ಕೆ ತಾಗದಂತೆ ಎರಡು ಕಲ್ಲಿನ ಮೇಲೆ ಅಡ್ಡ ಪೇರಿಸಿಡಿ. ಎಷ್ಟು ಹಲಗೆ ಇವೆ, ಯಾರ ಮನೆಯಲ್ಲಿವೆ ಎಂಬುದನ್ನು ಬರೆದು ಒಂದು ಪ್ರತಿಯನ್ನು ಪಂಚಾಯತಿಗೆ ಕೊಟ್ಟು, ಜೂನ್ ತಿಂಗಳೊಳಗಿನ ಗ್ರಾಮಸಭೆಯಲ್ಲಿ ಖರ್ಚಿನ ಲೆಕ್ಕದೊಂದಿಗೆ ಓದಿ ಹೇಳಿ.